ಡ್ರಿಲ್ ಮಾಸ್ತರನ ಶುಂಠಿ ರಸ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಇರಬೇಕು. ಕಲೆಕ್ಟರನನ್ನೋ ಸಿನಿಮಾ ನಟನನ್ನೋ ಕಂಡು ಕರುಬಿದರೆ ನಾಲ್ಕು ಜನರೆದುರು ಹೇಳಿಕೊಳ್ಳಲಿಕ್ಕಾದರೂ ಚೆಂದ. ನಾನು ಕರುಬಿದ್ದು ಒಂದು ಬಾಟಲಿ ಶುಂಠಿ ರಸ ಕಂಡು. ಅದೂ ಬಿ.ಎಸ್ಸಿ. ಪಾಸಾಗಿ, ಇಳಕಲ್ಲಿನ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ವಿಜ್ಞಾನ ಕಲಿಸಿದ ನಾನು!

ಬಾಟಲಿಯ ಒಡೆಯ ನಮ್ಮ ಡ್ರಿಲ್ ಮಾಸ್ತರ ವೀರಭದ್ರಪ್ಪ. ಐವತ್ತರ ಹತ್ತಿರ ಬಂದರೂ ಅವನಿಗೆ ಹೊಟ್ಟೆಯೆಂಬುದೇ ಇರಲಿಲ್ಲ. ಅವನ ಪಾಲಿನದೂ ನನಗೇ ಬಂದಿತ್ತು. ಹಸಿಶುಂಠಿ ಜಜ್ಜಿ, ಹಿಂಡಿ, ಬೆಲ್ಲ ಬೆರೆಸಿದ ರಸವನ್ನು ಕಂದು ಬಣ್ಣದ ಔಷಧಿ ಬಾಟಲಿಯಲ್ಲಿ ತಂದು ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಡುತ್ತಿದ್ದ. ಒಮ್ಮೆ ನಮ್ಮ ಮನೆಗೆ ಬಂದವನು, ಚಹಾ ಬೇಡವೆಂದು, ತನ್ನ ಬಾಟಲಿ ತೋರಿಸಿ, "ಇದು ಕರುಳಿಗೆ ಕಾವಲುಗಾರ ಇದ್ದಂಗ ನೋಡ್ರಿ. ದೊಡ್ಡ ರೋಗ ಹತ್ತಿರ ಸುಳಿಯಂಗಿಲ್ಲ" ಎಂದುಬಿಟ್ಟ. ಅಷ್ಟೇ ಸಾಕಾಯಿತು. ನನ್ನ ಹೆಂಡತಿ ಗಿರಿಜಾಳ ಅಪ್ಪ ಕರುಳಿನ ಕ್ಯಾನ್ಸರಿನಿಂದಲೇ ತೀರಿಕೊಂಡಿದ್ದರು. ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಅಂದಿನಿಂದ ನಾನು ಸುಮ್ಮನೆ ಹೊಟ್ಟೆ ಸವರಿಕೊಂಡರೂ ಆಕೆಯ ಮುಖ ಬಾಡುತ್ತಿತ್ತು.

ಮರುದಿನವೇ ಶುರುವಾಯಿತು. "ನೀವೂ ಕುಡೀರಿ" ಎಂದಳು. "ಪುರಾವಿ ಎಲ್ಲದ? ಮತ್ತ ನಿಮ್ಮಪ್ಪನ ರೋಗ ನನಗ ಹೆಂಗ ಬರ್ತದ?" ಎಂದೆ, ವಿಜ್ಞಾನದ ಗತ್ತಿನಲ್ಲಿ. "ನಿಮಗ ಪುರಾವಿ ಬೇಕು. ನನಗ ನೀವು ಬೇಕು" ಎಂದಳು. ಕರಗಿಯೇ ಹೋಗುತ್ತಿದ್ದೆ, ಅಷ್ಟರಲ್ಲಿ, "ವೀರಭದ್ರಪ್ಪ ಸರ್ ಮಾರಿ ಮ್ಯಾಲೆ ಎಂಥಾ ಕಳಾ ಅದ, ನೋಡೀರೇನು?" ಎಂದು ಸೇರಿಸಿದಳು. ಮೈ ಉರಿದು ಹೋಯಿತು. ಆ ರಸ ಮುಟ್ಟಿದರೆ ನನ್ನ ಹೆಸರು ಬದಲಿಸಿ ಕರೆ ಎಂದು ಸಾರಿಬಿಟ್ಟೆ.

ಸಾರಿದ್ದು ಮನೆಯಲ್ಲಿ. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ವೀರಭದ್ರಪ್ಪ ಮೈದಾನದಲ್ಲಿ ಸೀಟಿ ಊದುತ್ತಿದ್ದಾಗ, ಆ ಕಳೆ ಎಲ್ಲಿಂದ ಬರುತ್ತದೆ ನೋಡಿಯೇ ಬಿಡೋಣ ಎಂದು ಬಾಟಲಿ ಎತ್ತಿದೆ. ಅರ್ಧ ಖಾಲಿ ಮಾಡಿದೆ. ಗಂಟಲು ಉರಿದು ಕಣ್ಣಲ್ಲಿ ನೀರು ಬಂತೇ ಹೊರತು ಬೇರೆ ಯಾವ ರುಚಿಯೂ ತಿಳಿಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಮ್ಮ ಓಣಿಗೇ ಮೊದಲನೆಯ ಪಾಯಖಾನೆ ನಮ್ಮ ಹಿತ್ತಲಲ್ಲಿ ಎದ್ದಿತ್ತು, ಬೆಳ್ಳಗಿನ ಪಿಂಗಾಣಿಯದು. ತಂಬಿಗೆ ಹಿಡಿದು ಹಳ್ಳದ ಕಡೆ ಹೋಗುತ್ತಿದ್ದಾಗ ಯಾರು ತಿರುಗಿ ನೋಡುತ್ತಿದ್ದರು? ಮರುದಿನ ಬೆಳಿಗ್ಗೆ ನೋಡಿದೆ. ಬೆಳ್ಳಗಿನ ಪಿಂಗಾಣಿಯ ಮೇಲೆ ಕೆಂಪಗೆ! ಗೋಡೆ ಹಿಡಿದು ಒಳಗೆ ಬಂದು, "ಗಿರಿಜಾ, ರಕ್ತ ಹೋತು" ಎಂದೆ. ಆಕೆ ಅಳಲಿಲ್ಲ. ಬರಿಗಾಲಲ್ಲಿ ಓಡಿದಳು. ಎಲ್ಲಿಗೆ? ವೀರಭದ್ರಪ್ಪನ ಮನೆಗೆ! ಸಾಯುವ ಭಯದಲ್ಲೂ ನನಗೆ ಅದೊಂದು ಸಹಿಸಲಾಗಲಿಲ್ಲ.

ಬಂದ ಪುಣ್ಯಾತ್ಮ ಎಲ್ಲ ಕೇಳಿಕೊಂಡು ನನ್ನ ಮುಖವನ್ನೇ ನೋಡಿದ. ಬಾಟಲಿ ಅರ್ಧ ಖಾಲಿಯಾದದ್ದು ಅವನಿಗೆ ಗೊತ್ತಿಲ್ಲದೆ ಇದ್ದೀತೆ? ನಾನು ಕಣ್ಣು ತಗ್ಗಿಸಿದೆ. ಅವನು ಗಿರಿಜಾಳತ್ತ ತಿರುಗಿ, "ಅಂಜಬ್ಯಾಡ್ರಿ ತಂಗಿ. ನಿನ್ನಿ ಇವರು ಒಲ್ಲೆ ಒಲ್ಲೆ ಅಂದ್ರೂ ನಾನ ಒತ್ತಾಯ ಮಾಡಿ ನನ್ನ ರಸ ಕುಡಿಸೀನಿ. ಅದರಾಗ ಬೀಟ್‌ರೂಟ್ ಹಿಂಡಿದ್ದೆ. ಇದು ಅದರ ಬಣ್ಣ ಇರಬೇಕು" ಎಂದ. ಮತ್ತೆ ನನ್ನ ಕಡೆ ತಿರುಗಿ, "ಆದ್ರೂ ಬಾಗಲಕೋಟಿಗೆ ಹೋಗಿ ಡಾಕ್ಟರಿಗೆ ತೋರಿಸೂಣು. ಶುಂಠಿ ಏನ ತಪಾಸಣಿ ಮಾಡ್ತದೇನ್ರಿ?" ಎಂದ. ನೋಡಿ, ವಿಜ್ಞಾನದ ಮಾಸ್ತರ ಆಡಬೇಕಾದ ಆ ಮಾತನ್ನೂ ಅವನೇ ಆಡಿಬಿಟ್ಟ.

ಬಾಗಲಕೋಟೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಏನೂ ಇಲ್ಲ ಎಂದರು. ಮರಳಿ ಬರುವಾಗ ಬಸ್ಸಿನಲ್ಲಿ ಗಿರಿಜಾ ಅಲ್ಲಿಯವರೆಗೆ ತಡೆದಿದ್ದನ್ನೆಲ್ಲ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ಸೀಟಿನಲ್ಲಿ ಕೂತ ವೀರಭದ್ರಪ್ಪನಿಗೆ, "ಇವರು ಒಲ್ಲೆ ಅಂದ್ರೂ ಬಿಡದ ಕುಡಿಸೀರಲ್ರಿ ಅಣ್ಣಾರ, ನಿಮ್ಮಂಥಾ ಮನಷ್ಯಾರು ಸಿಗೂದಿಲ್ಲ" ಎಂದಳು. ಅವನು ಹಿಂತಿರುಗಿ ನಕ್ಕ. ಹಾಳಾದ ಕಳೆ, ಎರಡರಷ್ಟಾಗಿತ್ತು. ಕದ್ದು ಕುಡಿದವನು ನಾನು, ಪುಣ್ಯ ಅವನಿಗೆ! ನಿಜ ಹೇಳಿ ಅದನ್ನಾದರೂ ಕಿತ್ತುಕೊಳ್ಳೋಣವೆಂದು ಬಾಯಿ ತೆರೆದೆ. ಗಿರಿಜಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಎಲ್ಲಿ ಬಿಟ್ಟುಬಿಡುತ್ತಾಳೋ ಎಂದು ಬಾಯಿ ಮುಚ್ಚಿಕೊಂಡೆ.