ಬರದಿರುವ ಜ್ವರದ ವಿಷಯವಾಗಿ ಉಗಾಂಡದ ಸೊಳ್ಳೆಯವರಿಗೆ

ಉಗಾಂಡ ದೇಶದ ಮಾನ್ಯ ಸೊಳ್ಳೆಯವರೇ,

ಹೊಸದುರ್ಗ ತಾಲ್ಲೂಕು ಶ್ರೀರಾಂಪುರದಿಂದ, ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟ ಗಂಗಕ್ಕ ಮಾಡುವ ನಮಸ್ಕಾರಗಳು. ತಾವೂ ತಮ್ಮ ಮಕ್ಕಳುಮರಿಯೂ ಅಲ್ಲಿ ಬಹಳ ಕ್ಷೇಮವಾಗಿದ್ದೀರೆಂದು ಕೇಳಿ ಭಯವಾಯಿತು.

ಅಳಿಯನಿಗೆ ತಮ್ಮ ಸೀಮೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸವಾದ್ದರಿಂದ, ಮಗಳು ಕೀರ್ತನಾಳ ಬಾಣಂತನಕ್ಕೆ ನಾನೂ ನಮ್ಮ ಮನೆಯವರಾದ ಗೊಲ್ಲಪ್ಪನವರೂ ಅಲ್ಲಿಗೇ ಬರುತ್ತಿದ್ದೇವೆ. ಚಿತ್ರದುರ್ಗದ ಡಾಕ್ಟರಮ್ಮ ಮಲೇರಿಯಾ ಬರದಂತೆ ಮಾತ್ರೆ ಬರೆದುಕೊಟ್ಟು, ಹೊರಡುವ ಮುಂಚೆಯೇ ಶುರು ಮಾಡಬೇಕು, ಊರಿಗೆ ವಾಪಸು ಬಂದ ಮೇಲೂ ಕೆಲವು ವಾರ ಬಿಡಬಾರದು ಎಂದರು. ನೆಂಟರ ರಕ್ತದಲ್ಲೇ ಕೂತು ಅವರ ಮನೆ ಬಾಗಿಲವರೆಗೂ ಕಳಿಸಿಕೊಡುವ ತಮ್ಮಂಥ ಸೌಜನ್ಯವಂತರನ್ನು ನಾನು ನಮ್ಮ ಬೀಗರಲ್ಲೂ ಕಂಡಿಲ್ಲ.

ಮೆಡಿಕಲ್ ಶಾಪಿನವರಿಂದ ಮಾತ್ರೆಯ ಚೀಟಿ ಓದಿಸಿದೆ. ಅದರಲ್ಲಿದ್ದ ತಲೆಸುತ್ತು, ಹೊಟ್ಟೆತೊಳಸು, ಕೆಟ್ಟ ಕನಸು ಎಲ್ಲವೂ ಮೊದಲನೇ ಮಾತ್ರೆ ನುಂಗುವ ಮುಂಚೆಯೇ ನನಗೆ ಬಂದವು. ಆದರೂ ನುಂಗಿದೆ.

ನನ್ನ ದೂರು ಏನೆಂದರೆ, ಮಳೆಗಾಲಕ್ಕೆ ಮುಂಚೆ, ಚೆನ್ನಾಗಿ ಮೇಯುತ್ತಿರುವ ಕುರಿಗಳನ್ನೇ ಒಂದೊಂದಾಗಿ ಹಿಡಿದು, ದವಡೆ ಎತ್ತಿ, ರೋಗ ಬರದಿರಲೆಂದು ಔಷಧಿ ಕುಡಿಸುವ ನಮ್ಮ ಮನೆಯವರು, ತಮ್ಮ ಸರದಿ ಬಂದಾಗ ಮಾತ್ರ, "ಜ್ವರ ಬರ್ಲಿ, ಆಮೇಲೆ ನುಂಗ್ತೀನಿ. ಬರದಿರೋ ಜ್ವರಕ್ಕೆ ನಾನ್ಯಾಕೆ ಬಾಯಿ ತೆರೀಲಿ?" ಎಂದು ಮಾತ್ರೆಯನ್ನು ಗೋಡೆಯ ಗೂಡಿನಲ್ಲಿಟ್ಟುಬಿಟ್ಟರು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ವಿಮಾನದಿಂದ ಇಳಿಯುವವರನ್ನು ಗುರುತಿಟ್ಟು ಬಿಟ್ಟುಬಿಡಬೇಕಾಗಿ, ಅದು ಆಗದಿದ್ದರೆ ಕಚ್ಚುವ ಮುಂಚೆ ನನಗೊಂದು ಮಾತು ತಿಳಿಸಬೇಕಾಗಿ ವಿನಂತಿ; ಅವರ ಬದಲು ನಾನು ಕೈ ಒಡ್ಡುತ್ತೇನೆ. ಮೊಮ್ಮಗುವನ್ನು ಮೊದಲು ಎತ್ತಿಕೊಳ್ಳುವವರು ಅವರಂತೆ. ಆ ಕೈ ಚಳಿಜ್ವರದಲ್ಲಿ ನಡುಗಬಾರದು, ನನ್ನ ಚಿಂತೆ ಇಷ್ಟೇ.

ಒಂದು ಮಾರು ದೂರದಿಂದಲೇ ತಮ್ಮ ವಿಶ್ವಾಸಿ,
ಗಂಗಕ್ಕ

ಮರೆತ ಮಾತು: ಕಾಗದ ಮಡಿಸುವ ಮುಂಚೆ ನಮ್ಮ ಮನೆಯವರಿಗೆ, "ಹಂಗಾದ್ರೆ ಈ ಸಲ ಕುರಿಗೂ ಔಷಧಿ ಬ್ಯಾಡ ಬಿಡ್ರಿ. ರೋಗ ಬರ್ಲಿ, ಆಮೇಲೆ ನೋಡಾಣ" ಎಂದು ಬಾಟಲಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಅವರು ಗೂಡಿಗೆ ಕೈ ಹಾಕಿ, ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಂಬಿಕೆ ಸಾಲದೆ ದವಡೆ ಹಿಡಿದು, ನಾಲಿಗೆ ಎತ್ತಿಸಿ ನೋಡಿದೆ, ಖಾಲಿ ಇತ್ತು. ಅಲ್ಲಿ ಪರದೆ ಕಟ್ಟಿಯೇ ಮಲಗುತ್ತೇವೆ. ಅದನ್ನೂ ನುಸುಳಿ ಬಂದರೆ ಊಟ ಮಾಡಿಕೊಂಡು ಹೋಗಿ, ಉಡುಗೊರೆ ಮಾತ್ರ ಬಿಟ್ಟು ಹೋಗಬೇಡಿ. ನಮ್ಮ ಮನೆಯಲ್ಲಿ ಇನ್ನು ಅದನ್ನು ತೆಗೆದುಕೊಳ್ಳುವವರಿಲ್ಲ.