ಪಕ್ಕದ ಸೀಟು

ಎಲ್ಲಕ್ಕೂ ಕಾರಣ ಗೇಟಮ್ಮ. ಡ್ರೈವಿಂಗ್ ಸ್ಕೂಲಿಗೆ ಹೊಸದಾಗಿ ಸೇರಿದ್ದ ಆ ಹಿರಿಯ ಹೆಂಗಸು ಅವತ್ತು ಬ್ರೇಕು ಅಂದುಕೊಂಡು ಆಕ್ಸಿಲರೇಟರ್ ತುಳಿದು, ಸ್ಕೂಲಿನ ಗೇಟನ್ನು ಬೀದಿಯವರೆಗೂ ಹೊತ್ತುಕೊಂಡು ಹೋಗಿದ್ದರು. ಆ ಹೆಸರು ಬಂದದ್ದು ಹಾಗೆ. ಪಕ್ಕದ ಸೀಟಿನಲ್ಲಿದ್ದ ಡ್ರೈವಿಂಗ್ ಮೇಷ್ಟ್ರು, ಕಲಿಸುವವರಿಗೆಂದೇ ಇರುವ ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ಜೀವ ಬಿಟ್ಟು ಒತ್ತಿದ್ದಕ್ಕೆ ಎದುರು ಮನೆ ಉಳಿಯಿತು. "ಆಯಮ್ಮ ಇನ್ನು ನಮ್ಮ ಕಾರು ಮುಟ್ಟಕೂಡದು" ಎಂದು ಸ್ಕೂಲಿನ ಮಾಲೀಕ ಕಟ್ಟಪ್ಪಣೆ ಮಾಡಿದ.

ಮೇಷ್ಟ್ರು ಮನೆಗೆ ಬಂದವರೇ ಹೆಂಡತಿಗೆ ಹೇಳಿದರು: "ಸಾಕಾಯ್ತು ಕಣೇ. ವರ್ಷಗಟ್ಟಲೆ ಪಕ್ಕದ ಸೀಟಲ್ಲಿ ಕೂತು ಬರೀ ಬ್ರೇಕ್ ಒತ್ತಿದ್ದೇ ಬಂತು. ಒಂದು ದಿನವಾದ್ರೂ ನನ್ನದೇ ಸ್ಟೀರಿಂಗ್ ಹಿಡಿದು, ನನಗೆ ಇಷ್ಟ ಬಂದ ಕಡೆ ತಿರುಗಿಸಬೇಕು. ನಾಳೆ ಆ ಕಾರು ತಂದೇ ಬಿಡ್ತೀನಿ."

'ಆ ಕಾರು' ಯಾವುದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಷೋರೂಮಿನ ಗಾಜಿನ ಹಿಂದೆ ನಿಂತ ತಿಳಿಹಸಿರು ಕಾರು. ಪಾಠ ಯಾವುದೇ ಇರಲಿ, ಮೇಷ್ಟ್ರು ಶಿಷ್ಯರನ್ನು ಆ ಬೀದಿಗೇ ತಿರುಗಿಸುತ್ತಿದ್ದರು. "ಇಲ್ಲಿ ನಿಲ್ಲಿಸಿ. ನಿಲ್ಲಿಸೋದೂ ಒಂದು ಪಾಠವೇ" ಎನ್ನುತ್ತ ಕಣ್ಣು ತುಂಬ ನೋಡಿಕೊಳ್ಳುತ್ತಿದ್ದರು. ಇವತ್ತೂ ಯಾರೂ ಕೊಂಡಿಲ್ಲವಲ್ಲ ಎಂದು ಸಮಾಧಾನ, ನಾಳೆ ಯಾರಾದರೂ ಕೊಂಡುಬಿಟ್ಟರೆ ಎಂದು ಸಂಕಟ. ಮನಸ್ಸು ಕೊಟ್ಟವರ ಪಾಡೇ ಅಷ್ಟು ಬಿಡಿ.

"ನೀವೊಬ್ಬರೇ ಹೋದ್ರೆ ಅವರು ಹೇಳಿದ ಬೆಲೆಗೆ ಕೈಮುಗಿದು ಬರ್ತೀರ. ಅಣ್ಣನ್ನ ಕರ್ಕೊಂಡು ಹೋಗಿ" ಎಂದಳು ಹೆಂಡತಿ. ಅವಳಣ್ಣ ಚೌಕಾಸಿಯಲ್ಲಿ ಹುಲಿ. ಅವನು ಬೀದಿ ತಿರುವಿನಲ್ಲಿ ಕಂಡರೆ ಸಾಕು, ತರಕಾರಿಯವಳು ಬುಟ್ಟಿ ಮುಚ್ಚುತ್ತಿದ್ದಳು.

ಮರುದಿನ ದಾರಿಯುದ್ದಕ್ಕೂ ಭಾವನ ಉಪದೇಶ. "ನೋಡಿ ಮೇಷ್ಟ್ರೇ, ಆಸೆ ಮುಖದ ಮೇಲೆ ಕಂಡ್ರೆ ಮುಗೀತು ಕತೆ. ಕಹಿ ಔಷಧಿ ಕುಡಿದ ಹಾಗೆ ಇರಿ. ಮಾತು ನನಗೆ ಬಿಡಿ."

ಷೋರೂಮಿನಲ್ಲಿ ಟೈ ಕಟ್ಟಿದ ಸೇಲ್ಸ್‌ನವನು ಸ್ಟೀರಿಂಗ್ ಕಡೆಯ ಬಾಗಿಲು ತೆಗೆದು ನಿಂತ. ಮೇಷ್ಟ್ರು ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತರು! ಅಭ್ಯಾಸಬಲ. ಕಾಲು ತಾನಾಗಿಯೇ ಬ್ರೇಕು ತಡಕಾಡಿತು.

"ಅಯ್ಯೋ ಮಾರಾಯ್ರೇ, ಈ ಕಡೆ!" ಭಾವ ಹಲ್ಲು ಕಡಿದ.

ಈ ಕಡೆ ಬಂದು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟದ್ದೇ ತಡ, ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. ಪಕ್ಕದಲ್ಲಿ ಕಿರುಚುವವರಿಲ್ಲ, ಗೇರು ಕರಕರ ಎನ್ನಿಸುವವರಿಲ್ಲ. ತಾನು, ತನ್ನ ರಸ್ತೆ, ಅಷ್ಟೇ.

"ಸಾರ್‌ಗೆ ಕಾರು ತುಂಬಾ ಹಿಡಿಸಿದೆ ಅನ್ಸುತ್ತೆ" ಸೇಲ್ಸ್‌ನವನು ನಕ್ಕ.

"ಹಿಡಿಸೋದೆಲ್ಲಿಂದ ಬಂತು? ನಿಮ್ಮ ಕಾರಲ್ಲಿರೋ ಧೂಳಿಗೆ ಕಣ್ಣಲ್ಲಿ ನೀರು ಬರ್ತಿದೆ. ಮೊದಲು ಅದಕ್ಕೆ ಬೆಲೆ ಇಳಿಸಿ!" ಭಾವ ನಡುವೆ ಬಾಯಿ ಹಾಕಿದ.

ಸೇಲ್ಸ್‌ನವನು ಗಾಜಿನ ಕೋಣೆಯೊಳಗೆ ಹೋಗಿ ಮ್ಯಾನೇಜರನ್ನು ಕೇಳಿ, ಸಾವಿನ ಮನೆಯಿಂದ ಬಂದವನಂತೆ ಮುಖ ಮಾಡಿಕೊಂಡು ಬಂದ. "ಮೇಡಂ ಒಪ್ತಿಲ್ಲ ಸಾರ್." ಭಾವ ಶುರು ಹಚ್ಚಿಕೊಂಡ. ಬಣ್ಣ ಬಾಡಿದ ಎಲೆಯಂತೆ. ಸೀಟು ಕೂತರೆ ನರಳುತ್ತೆ. ಹಾರ್ನು ಮೇಕೆ ಕೆಮ್ಮಿದ ಹಾಗೆ. ಒಂದೊಂದು ಬೈಗುಳಕ್ಕೂ ಮೇಷ್ಟ್ರು ಗುಟ್ಟಾಗಿ ಸ್ಟೀರಿಂಗ್ ಸವರಿ ಸಮಾಧಾನ ಮಾಡುತ್ತಿದ್ದರು. 'ಬೇಜಾರು ಮಾಡ್ಕೋಬೇಡ, ಇದೆಲ್ಲ ನಾಟಕ' ಎಂದು ಮನಸ್ಸಿನಲ್ಲೇ ಹೇಳಿದರು.

ಕೊನೆಗೆ ಭಾವ ಬ್ರಹ್ಮಾಸ್ತ್ರ ಬಿಟ್ಟ. "ಏಳಿ ಮೇಷ್ಟ್ರೇ, ಹೋಗೋಣ! ಊರಲ್ಲಿ ಇದೊಂದೇ ಅಂಗಡಿನಾ?"

ಮೇಷ್ಟ್ರು ಏಳಲಿಲ್ಲ. ಭಾವ ತೋಳು ಹಿಡಿದು ಎಳೆದ. ಮೇಷ್ಟ್ರು ಸ್ಟೀರಿಂಗ್ ತಬ್ಬಿಕೊಂಡರು. ಎದೆ ಒತ್ತಿ ಹಾರ್ನು ಷೋರೂಮೆಲ್ಲ ಮೊಳಗಿತು. ಮ್ಯಾನೇಜರ್ ಮೇಡಂ ಓಡಿ ಬಂದರು.

"ಏನ್ರೀ ಇದು ಗಲಾಟೆ?"

"ಇವರು ಡ್ರೈವಿಂಗ್ ಮೇಷ್ಟ್ರು ಮೇಡಂ" ಎಂದ ಭಾವ. "ಎಂಥವರಿಗೂ ಕಲಿಸಿಬಿಡ್ತಾರೆ. ಇಂಥವರ ಹತ್ರ ಲಾಭ ನೋಡ್ತೀರಾ?"

"ಎಂಥವರಿಗೂ?" ಮೇಡಂ ಮುಖ ಅರಳಿತು. "ನೀವು ಸ್ವಲ್ಪ ಒಳಗೆ ಬನ್ನಿ."

ಒಳಗೆ ಹೋದ ಭಾವ ಎದೆ ಉಬ್ಬಿಸಿಕೊಂಡು ಹೊರಬಂದ. "ಅರ್ಧ ಬೆಲೆ ಮೇಷ್ಟ್ರೇ, ಅರ್ಧ! ಒಂದು ಚೂರು ಷರತ್ತಿದೆ, ನಿಮಗೆ ನೀರು ಕುಡಿದಷ್ಟು ಸುಲಭ. ಸೈನ್ ಹಾಕಿ."

ಕಾರಿನಿಂದ ಕಣ್ಣು ಕೀಳದೆ ಮೇಷ್ಟ್ರು ಸೈನ್ ಹಾಕಿದರು. ಕಿಡ್ನಿ ಕೇಳಿದ್ದರೂ ಹಾಕುತ್ತಿದ್ದರು.

ಗಾಜಿನ ಬಾಗಿಲು ತೆರೆಯಿತು. ಎದುರಿಗೆ ಗೇಟು, ಅದರಾಚೆ ಖಾಲಿ ರಸ್ತೆ. ಮೇಷ್ಟ್ರು ಕಾರಿನಿಂದಿಳಿದು ಕೀಗೆ ಕೈ ಚಾಚಿದರು. ಮೇಡಂ ಮೇಷ್ಟ್ರನ್ನು ದಾಟಿ ಹಿಂದೆ ಯಾರಿಗೋ ಕೀ ಕೊಟ್ಟರು. "ತಗೋಮ್ಮ."

ಮೇಷ್ಟ್ರು ತಿರುಗಿ ನೋಡಿದರು. ಗೇಟಮ್ಮ!

"ನಮ್ಮಮ್ಮ" ಎಂದರು ಮೇಡಂ. "ಲೈಸೆನ್ಸ್ ಸಿಗೋವರೆಗೂ ದಿನಾ ಬೆಳಿಗ್ಗೆ ಸಂಜೆ ಕಲಿಸ್ತೀರಂತೆ. ತುಂಬಾ ಉಪಕಾರವಾಯ್ತು."

"ನನ್ನ ಕಾರಿನಲ್ಲೇ?" ಎಂದರು ಮೇಷ್ಟ್ರು. "ನಿಮ್ಮಲ್ಲೇ ಇಷ್ಟೊಂದು ಕಾರಿವೆಯಲ್ಲ!"

"ಅವನ್ನ ಮಾರಬೇಕಲ್ಲ ಮೇಷ್ಟ್ರೇ."

ಗೇಟಮ್ಮ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದರು. "ಆಹಾ, ಎಷ್ಟು ಮೆತ್ತಗಿದೆ! ಬನ್ನಿ ಮೇಷ್ಟ್ರೇ. ಲೈಸೆನ್ಸ್‌ಗೆ ನನಗೇನೂ ಅವಸರವಿಲ್ಲ, ನಿಧಾನವಾಗಿ ಕಲಿಯೋಣ."

ಮೇಷ್ಟ್ರು ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ಎಷ್ಟು ದಿನ ಗಾಜಿನಾಚೆಯಿಂದ ನೋಡಿದ್ದ ಸ್ಟೀರಿಂಗು! ಈಗ ಮೊಳ ದೂರದಲ್ಲಿದೆ, ಬೇರೆಯವರ ಕೈಯಲ್ಲಿ. ಕಾರು ಗಕ್ಕೆಂದು ಹಾರಿ ಹೊರಟಿತು. ಎದುರಿಗೆ ಷೋರೂಮಿನ ಗೇಟು ದೊಡ್ಡದಾಗುತ್ತ ಬಂತು. ಮೇಷ್ಟ್ರು ಜೀವ ಬಿಟ್ಟು ಕಾಲು ಒತ್ತಿದರು.

ಅವರ ಸ್ವಂತ ಕಾರಿನಲ್ಲಿ, ಆ ಕಡೆ ಬ್ರೇಕೇ ಇರಲಿಲ್ಲ.