ಹೃತ್ಕರ್ಣದಲ್ಲಿ ಚಪ್ಪಲಿ ಬಿಡಬೇಡಿ

ನಮ್ಮ ಸೋದರಮಾವನ ಮನೆಗೆ ಹೋದವರು ಯಾರೂ ಹೋದ ಬಾಗಿಲಿನಿಂದ ವಾಪಸ್ ಬಂದದ್ದಿಲ್ಲ. ಗಾಬರಿಯಾಗಬೇಡಿ! ಎಲ್ಲರೂ ಜೀವಂತವಾಗಿಯೇ ಬಂದಿದ್ದಾರೆ, ಹೆಚ್ಚಿನವರು ಕಾಫಿಯನ್ನೂ ಕುಡಿದೇ ಬಂದಿದ್ದಾರೆ. ಆದರೆ ಬೇರೆ ಬಾಗಿಲಿನಿಂದ. ಬಂದ ದಾರಿಯಲ್ಲಿ ತಿರುಗಿ ಹೋಗಲು ಮಾವ ಬಿಡುವುದಿಲ್ಲ. ಅವರ ಪ್ರಕಾರ ಅದು ಮನೆಯೇ ಅಲ್ಲ, ಹೃದಯ. ಸುಣ್ಣ ಬಳಿಯಲು ಬಂದವನಿಗೂ ಹಾಗೆಯೇ ಹೇಳಿ, ಅವನು ಅರ್ಧ ಗೋಡೆ ಬಿಟ್ಟು ಹೋಗುವಂತೆ ಮಾಡಿದ್ದರು.

ಮಾವ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬಾಪೂಜಿ ನಗರದ ಅಡ್ಡರಸ್ತೆಯೊಂದರಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯಲ್ಲಿದ್ದಾರೆ. ಗೋಡೆಗೆ ಗೋಡೆ ಅಂಟಿದ ಎರಡು ಪೋರ್ಷನ್. ಒಂದೊಂದಕ್ಕೂ ಒಂದರ ಹಿಂದೊಂದು ಎರಡು ಕೋಣೆ. ಒಂದು ಪೋರ್ಷನ್ ಬಾಡಿಗೆಗಿತ್ತು. ಬಾಡಿಗೆಯವರು ಖಾಲಿ ಮಾಡಿದ ದಿನ ಮಾವ ಹಿತ್ತಲಲ್ಲಿ ನಿಂತು ಮನೆಯನ್ನೇ ನೋಡಿ ನೋಡಿ ಅತ್ತೆಯನ್ನು ಕೂಗಿದರಂತೆ.

"ಲೇ, ನಾಲ್ಕು ಕೋಣೆ ಕಣೇ! ನಡುವೆ ಗೋಡೆ! ನಾವಿಷ್ಟು ವರ್ಷ ಹೃದಯದೊಳಗೇ ಇದ್ವಲ್ಲೇ!"

"ಸರಿ, ಟು-ಲೆಟ್ ಬೋರ್ಡು ಯಾವಾಗ ಹಾಕ್ತೀರ?" ಅಂದರಂತೆ ಅತ್ತೆ. ಬೋರ್ಡು ಇವತ್ತಿಗೂ ಹಾಕಿಲ್ಲ.

ಅಂದಿನಿಂದ ಟ್ಯೂಷನ್ನಿಗೆ ಬರುವ ಹತ್ತನೇ ಕ್ಲಾಸಿನ ಮಕ್ಕಳೆಲ್ಲ ಕೆಂಪು ರಕ್ತಕಣಗಳಾದರು. ಮೊದಲ ಮುಂಬಾಗಿಲಿನಿಂದ ಒಳಗೆ ಬಂದರೆ ಬಲ ಹೃತ್ಕರ್ಣ, ಅದರ ಹಿಂದಿನದು ಬಲ ಹೃತ್ಕುಕ್ಷಿ. ಅದನ್ನು ದಾಟಿ ಹಿತ್ತಲಿಗೆ ಇಳಿದರೆ ನುಗ್ಗೆಮರ, ಅಂದರೆ ಶ್ವಾಸಕೋಶ. ಅಲ್ಲಿ ದೀರ್ಘವಾಗಿ ಉಸಿರೆಳೆದುಕೊಂಡು, ಆಮ್ಲಜನಕ ಸಿಕ್ಕಿದ ಗುರುತಿಗೆ ಹಣೆಗೆ ಕುಂಕುಮ ಇಟ್ಟುಕೊಳ್ಳಬೇಕು. ಆಮೇಲೆ ಪಕ್ಕದ ಪೋರ್ಷನ್ನಿನ ಹಿಂಬಾಗಿಲಿನಿಂದ ಎಡ ಹೃತ್ಕರ್ಣಕ್ಕೆ, ಅಲ್ಲಿಂದ ಎಡ ಹೃತ್ಕುಕ್ಷಿಗೆ, ಅಲ್ಲಿಂದ ಬೀದಿಗೆ. ಬೀದಿ ಎಂದರೆ ಉಳಿದ ದೇಹ. ಬಾಗಿಲುಗಳೆಲ್ಲ ಕವಾಟಗಳು. ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಬಿಡುವುದಿಲ್ಲ.

"ಹೃತ್ಕರ್ಣದಲ್ಲಿ ಚಪ್ಪಲಿ ಬಿಡ್ಬೇಡ್ರೋ!" ಎಂದು ಮಾವ ಕೂಗುವುದು ಬೀದಿಯ ಆ ತುದಿಗೂ ಕೇಳುತ್ತದೆ. ಚಪ್ಪಲಿಯ ಜೊತೆ ಮೊಬೈಲನ್ನೂ ಹೊರಗೇ ಬಿಡಬೇಕು. ಕೆಂಪು ರಕ್ತಕಣ ಬೆಳೆಯುವಾಗ ತನ್ನ ಕೋಶಕೇಂದ್ರವನ್ನು ಹೊರಗೆ ಹಾಕಿಬಿಡುತ್ತದೆ, ಆಮ್ಲಜನಕ ಹೊರಲು ಜಾಗವಾಗಲಿ ಎಂದು. "ನಿಮ್ಮ ಕೋಶಕೇಂದ್ರ ಕಾಂಪೌಂಡ್ ಮೇಲಿಟ್ಟು ಬನ್ನಿ" ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ತೊಂದರೆಯೆಂದರೆ ಎಡ ಹೃತ್ಕರ್ಣವೇ ಅತ್ತೆಯ ಅಡುಗೆಮನೆ. ಅಲ್ಲಿ ಚಕ್ಕುಲಿ ಡಬ್ಬ ಇರುತ್ತದೆ. ಯಾವ ರಕ್ತಕಣ ತಾನೇ ಬೇಗ ಮುಂದೆ ಹೋದೀತು?

"ನೋಡೇ, ನಿನ್ನ ಚಕ್ಕುಲಿಯಿಂದ ರಕ್ತ ಹೆಪ್ಪುಗಟ್ತಾ ಇದೆ!"

"ಹಸ್ಕೊಂಡು ಬಂದಿರ್ತವೆ ಸುಮ್ನಿರ್ರೀ" ಎಂದು ಅತ್ತೆ ಇನ್ನೊಂದು ಚಕ್ಕುಲಿ ಕೊಡುತ್ತಿದ್ದರು.

ಒಂದು ಶುಕ್ರವಾರ ಮಕ್ಕಳು ಸಾಲಾಗಿ ಒಳಗೆ ಹೋಗಿ ಕುಂಕುಮ ಇಟ್ಟುಕೊಂಡು ಇನ್ನೊಂದು ಬಾಗಿಲಿನಿಂದ ಬರುವುದನ್ನು ಎದುರು ಮನೆಗೆ ಬಂದಿದ್ದ ಆಂಟಿಯೊಬ್ಬರು ನೋಡಿದರು. ಸೆರಗು ಹೊದ್ದು ತಾವೂ ಸಾಲಿನಲ್ಲಿ ಸೇರಿಕೊಂಡರು. ನುಗ್ಗೆಮರಕ್ಕೆ ಕೈಮುಗಿದು, "ಯಾವ ದೇವ್ರು ಸಾರ್ ಇದು?" ಎಂದು ಭಕ್ತಿಯಿಂದ ಕೇಳಿದರು.

"ಶ್ವಾಸಕೋಶ" ಎಂದರು ಮಾವ.

ಆಂಟಿ ಮುಂದಿನ ಶುಕ್ರವಾರವೂ ಬಂದರು! ಈ ಸಲ ಬಾಳೆಹಣ್ಣು, ಊದುಕಡ್ಡಿ ಸಮೇತ.

ಗ್ಯಾಸ್ ಸಿಲಿಂಡರಿನವನ ಪಾಡು ಬೇರೆ. ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಕ್ಕೆ ಕಾಣುತ್ತದೆಯಲ್ಲ, ಮಾವನ ಮನೆಗೂ ಅದೇ ನಿಯಮ. ಫೋನಿನಲ್ಲಿ "ಬಲಗಡೆ ಬಾಗಿಲಿಗೆ ಬಾಪ್ಪ" ಎಂದಿದ್ದರು. ಅವನು ಪಾಪ ತನ್ನ ಬಲಕ್ಕೆ ಬಂದು ನಿಂತ.

"ಇದಲ್ಲಪ್ಪ. ನಿನ್ನ ಬಲ ಅಲ್ಲ, ಮನೆಯ ಬಲ. ಆ ಬಾಗಿಲಿಂದ ಹೋಗಿ ಹಿತ್ತಲು ಸುತ್ಕೊಂಡು ಬಾ."

"ಸಾರ್, ಅಡುಗೆಮನೆ ಇಲ್ಲೇ ಕಾಣ್ತಾ ಇದೆ!"

"ಕಾಣುತ್ತೆ. ಆದ್ರೆ ನೀನು ನಿಂತಿರೋದು ಮಹಾಪಧಮನೀಲಿ."

ಅವನು ಸಿಲಿಂಡರನ್ನು ಅಲ್ಲೇ ಇಳಿಸಿ ತಲೆ ಕೆರೆದುಕೊಂಡ. ಮಾವ ಸ್ನಾನಕ್ಕೆ ಹೋಗುವವರೆಗೂ ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಕೂರಿಸಿಕೊಂಡಿದ್ದು, ಆಮೇಲೆ ಹತ್ತೇ ಹೆಜ್ಜೆಯಲ್ಲಿ ಕೆಲಸ ಮುಗಿಸಿಕೊಂಡರು. ಮಾವನಿಗೆ ಇದು ಇಂದಿಗೂ ತಿಳಿಯದು.

ಇವರ ಜೊತೆ ಅತ್ತೆ ಹೇಗೆ ಏಗಿದರು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅವರಿಗೆ ಮಕ್ಕಳಿಲ್ಲ. ಅದನ್ನೂ ಮಾವ ಜೀವಶಾಸ್ತ್ರದಲ್ಲೇ ಹೇಳಿಕೊಳ್ಳುತ್ತಿದ್ದರು. ನಾನು ಕೆಂಗೇರಿಯಿಂದ ಮೆಟ್ರೋ ಹತ್ತಿ ಹೋದಾಗಲೆಲ್ಲ, "ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಬರೋದು ಕಣೇ. ನಿಮ್ಮಮ್ಮಂಗೂ ನಂಗೂ ನಮ್ಮಮ್ಮಂದು. ನಿಂಗೂ ಅದೇ. ನಂದು ನನ್ನಲ್ಲೇ ಮುಗಿಯುತ್ತೆ. ನಮ್ಮಮ್ಮನ್ನ ಮುಂದಕ್ಕೆ ಕರ್ಕೊಂಡ್ಹೋಗೋಳು ನೀನು" ಎನ್ನುತ್ತಿದ್ದರು. ಅತ್ತೆ ಆಗ ಯಾವಾಗಲೂ ಏನೋ ನೆನಪಾದವರಂತೆ ಎದ್ದು ಒಳಗೆ ಹೋಗುತ್ತಿದ್ದರು. ನನಗೆ ಮಾವನ ಮೇಲೆ ಸಿಟ್ಟು ಬರುತ್ತಿತ್ತು.

ಕಳೆದ ವರ್ಷ ಅತ್ತೆಗೆ ಮೇಲುಸಿರು ಶುರುವಾಯಿತು. ತರಕಾರಿ ಚೀಲ ಹಿಡಿದು ಬಂದವರು ಮೆಟ್ಟಿಲ ಮೇಲೇ ಕೂತುಬಿಡುತ್ತಿದ್ದರು. ಮಾವ ಕಣ್ಣರೆಪ್ಪೆ ಎಳೆದು ನೋಡಿ ಹಿಮೋಗ್ಲೋಬಿನ್ ಕಡಿಮೆ ಎಂದು ತೀರ್ಮಾನಿಸಿದರು. ನುಗ್ಗೆಸೊಪ್ಪಿನ ಪಲ್ಯ, ನುಗ್ಗೆಸೊಪ್ಪಿನ ಸಾರು, ನುಗ್ಗೆಸೊಪ್ಪಿನ ರೊಟ್ಟಿ! ಮರ ಬೋಳಾಯಿತು, ಉಸಿರು ಸರಿಹೋಗಲಿಲ್ಲ. ಕೊನೆಗೆ ನಾನೇ ಜಗಳವಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಬರುತ್ತಿತ್ತು. ಆಪರೇಷನ್ ಆಗಲೇಬೇಕು, ತಡ ಮಾಡುವಂತಿಲ್ಲ ಎಂದರು ಡಾಕ್ಟರು.

"ಊರೋರನ್ನೆಲ್ಲ ಮುಂದಕ್ಕೇ ತಳ್ತಿದ್ರಲ್ಲ, ನನ್ನೊಳಗೆ ನೋಡಿ ಯಾರೋ ವಾಪಸ್ ಬರ್ತಾ ಇದಾರಂತೆ" ಎಂದು ಅತ್ತೆ ನಕ್ಕರು. ಮಾವ ನಗಲಿಲ್ಲ. ಅವರು ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯವನ್ನು ಎತ್ತಿಕೊಂಡು ಡಾಕ್ಟರಿಗೇ ಪಾಠ ಶುರುಮಾಡಿದರು. ಡಾಕ್ಟರು ಒಳ್ಳೆಯವರು, ಕೇಳಿಸಿಕೊಂಡರು. ಆಮೇಲೆ ಲಿಫ್ಟಿನವನಿಗೆ, ಆಟೋದವನಿಗೆ, ವಾರ್ಡಿನ ಪಕ್ಕದ ಮಂಚದವರಿಗೆ, ಊಟ ತರುವ ಹುಡುಗಿಗೆ, ಎಲ್ಲರಿಗೂ ಅದೇ ಪಾಠ. ಮಾತು ನಿಲ್ಲಿಸಿದರೆ ಏನೋ ಆಗಿಬಿಡುತ್ತದೆ ಎನ್ನುವಂತೆ ಹೇಳುತ್ತಲೇ ಇದ್ದರು. ಕೊನೆಗೆ ಅತ್ತೆಯೇ, "ರೀ, ಸ್ವಲ್ಪ ನನ್ ಹತ್ರ ಕೂತ್ಕೊಳ್ರಿ" ಎಂದರು. ಕೂತರು. ಎರಡೇ ನಿಮಿಷದಲ್ಲಿ ನರ್ಸ್ ಬಂದರು, ಮತ್ತೆ ಎದ್ದು ಅವರಿಗೂ ಶುರುಮಾಡಿದರು.

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಮಾತ್ರ ಮಾವ ಸುಮ್ಮನಾದರು. ನಾನು ಕ್ಯಾಂಟೀನಿನಿಂದ ತಂದ ಇಡ್ಲಿ ಹಾಗೆಯೇ ತಣ್ಣಗಾಯಿತು. ಅವರು ಒಂದು ಕೈಯಿಂದ ಇನ್ನೊಂದು ಕೈಯ ನಾಡಿ ಹಿಡಿದುಕೊಂಡು ಕೂತಿದ್ದರು. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ನಿಲ್ಲಿಸ್ತಾರೆ ಕಣೇ."

"ಏನನ್ನ ಮಾವ?"

"ಹೃದಯಾನ. ಕವಾಟ ಹೊಲಿಯೋವಾಗ ನಿಲ್ಲಿಸ್ತಾರೆ. ಮಿಷನ್ನು ರಕ್ತ ಓಡಿಸುತ್ತೆ. ನಂಗೊತ್ತು ಅದೆಲ್ಲ." ನಾಡಿಯಿಂದ ಬೆರಳು ತೆಗೆದರು. "ಹುಟ್ಟೋಕ್ ಮುಂಚೆ ಶುರುವಾಗಿದ್ದು ಒಂದು ಕ್ಷಣಾನೂ ನಿಲ್ಲಲ್ಲ ಅಂತ ಇಷ್ಟು ವರ್ಷ ಮಕ್ಕಳಿಗೆ ಹೇಳ್ಕೊಟ್ಟೆ. ಈಗ ಒಳಗೆ ನಿಂತಿದೆ. ನಾನಿಲ್ಲಿ ಕೂತಿದೀನಿ."

ಚಿಕ್ಕವಳಿದ್ದಾಗ ರಸ್ತೆ ದಾಟಲು ಹಿಡಿಯುತ್ತಿದ್ದ ಹಾಗೆ ಅವರ ಕೈ ಹಿಡಿದುಕೊಂಡೆ. ಗೊತ್ತಿಲ್ಲದವರಿಗೆ ಭಯ ಅರ್ಧವೇ ಇರುತ್ತದೆಯೋ ಏನೋ. ಮಾವನಿಗೆ ಎಲ್ಲವೂ ಗೊತ್ತಿತ್ತು, ಪಾಪ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು ಎಂದರು. ಮಾವ ನಂಬಲಿಲ್ಲ. ಮರುದಿನ ಸಂಜೆ ಐಸಿಯುಗೆ ನಮ್ಮಿಬ್ಬರನ್ನೂ ಬಿಟ್ಟರು. ಅತ್ತೆ ಹಾಸಿಗೆಯಲ್ಲಿ ಚಿಕ್ಕದಾಗಿ ಕಾಣುತ್ತಿದ್ದರು. ಬಾಯಿಂದ ಕೊಳವೆಯನ್ನು ಆಗಷ್ಟೇ ತೆಗೆದಿದ್ದರಿಂದ ದನಿ ಗಾಳಿಯ ಹಾಗಿತ್ತು. ತಲೆಯ ಮೇಲಿನ ಪರದೆಯಲ್ಲಿ ಹಸಿರು ಗೆರೆ ಏರಿಳಿಯುತ್ತಿತ್ತು. ಮಾವ ಅದನ್ನು ವಿವರಿಸುತ್ತಾರೆಂದು ನಾನು ಕಾದೆ. ಅವರು ಆ ಕಡೆ ನೋಡಲೂ ಇಲ್ಲ.

"ಏನಾದ್ರೂ ಮಾತಾಡ್ರೀ" ಎಂದರು ಅತ್ತೆ.

ಮಾವ ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಬೆಳಗ್ಗೆ ಮನೇಲಿ ಅನ್ನಕ್ಕಿಟ್ಟೆ. ತಳ ಹಿಡೀತು."

ಅತ್ತೆ ಕಣ್ಣು ಪೂರ್ತಿ ತೆರೆದರು. "ನೀರೆಷ್ಟು ಹಾಕಿದ್ರಿ?"

"ಒಂದು ಲೋಟಕ್ಕೆ ಒಂದು."

"ಅಯ್ಯೋ! ಒಂದಕ್ಕೆ ಎರಡೂವರೆ ಕಣ್ರೀ."

ಮಾವನ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೂ ಹೋಗದೆ ಅತ್ತೆಯ ಮುಖದ ಹತ್ತಿರಕ್ಕೆ ಬಗ್ಗಿದರು.

"ಇನ್ನೊಂದ್ಸಲ ಹೇಳೇ" ಎಂದರು.